ಎರಡು ಬಾಯಿಯ ಪೆಟ್ಟಿಗೆ

ನೆಲ ಒರೆಸುವ ಕೋಲಿನ ತುದಿ ಕನ್ನಡಕದಣ್ಣನ ಸ್ಪೀಕರಿನೊಳಗೆ ನಾಲ್ಕು ಬೆರಳು ಇಳಿದಾಗ ಭಾನುವಾರ ಬೆಳಗಿನ ಎಂಟೂವರೆ. ಕೋಲು ಹಿಡಿದಿದ್ದವರು ಅವನ ಮಾವ. ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾಗಿ, ಮಗಳ ಮನೆಯಲ್ಲಿ ಇದ್ದುಕೊಂಡು, ಸುಮ್ಮನೆ ಕೂರುವ ವಿದ್ಯೆಯೊಂದನ್ನು ಮಾತ್ರ ಕಲಿಯದ ಮನುಷ್ಯ. ಗಿಟಾರಿಗೆ ಸದ್ದು ಕೊಡುವ ಸ್ಪೀಕರ್ ಪೆಟ್ಟಿಗೆಯ ಹಿಂದೆ ಧೂಳಿದೆಯೆಂದು ಅವರಿಗೆ ಗುಮಾನಿ ಬಂದಿತ್ತು. ಪೆಟ್ಟಿಗೆಯ ಮುಖಕ್ಕೆ ಬಟ್ಟೆ ಇದ್ದಿದ್ದರೆ ಕೋಲು ಅಲ್ಲೇ ತಡೆಯುತ್ತಿತ್ತು. ಆದರೆ ಬಟ್ಟೆ ಇದ್ದರೆ ನಾದ ಮೊಂಡಾಗುತ್ತದೆ ಎಂದು ಎಲ್ಲೋ ಓದಿ, ಅದನ್ನು ಕಿತ್ತು ಹಾಕಿದ್ದವನು ಕನ್ನಡಕದಣ್ಣನೇ. ಹಾಗಾಗಿ ಮಾವನನ್ನು ಬೈಯುವಂತೆಯೂ ಇರಲಿಲ್ಲ.

"ಇದೇನು ಅಳಿಯಂದ್ರೇ, ಒಳಗೆ ಬರೀ ಕಾಗದ," ಎಂದರು ಮಾವ, ಮೋಸ ಹೋದವರ ದನಿಯಲ್ಲಿ. "ಇಷ್ಟು ದಿನ ಅಷ್ಟೊಂದು ಸದ್ದು ಮಾಡಿದ್ದು ಈ ಕಾಗದಾನಾ?"

ಬೇರೆ ದಿನವಾಗಿದ್ದರೆ ಕನ್ನಡಕದಣ್ಣ ಒಳಗೊಳಗೇ ಖುಷಿಪಡುತ್ತಿದ್ದ. ಹೊಸ ಸ್ಪೀಕರ್ ಕೊಳ್ಳಲು ಅವನು ಒಂದು ವರ್ಷದಿಂದ ನೆಪ ಹುಡುಕುತ್ತಿದ್ದ. ಯಾವ ಕಂಪನಿಯ ಸ್ಪೀಕರ್ ಬೆಚ್ಚಗೆ ನುಡಿಯುತ್ತದೆ, ಯಾವುದು ಗಾಜಿನ ಹಾಗೆ ಚೂಪು, ಯಾವುದರ ಅಯಸ್ಕಾಂತ ಎಷ್ಟು ತೂಕ, ಎಲ್ಲವೂ ಅವನಿಗೆ ಬಾಯಿಪಾಠ. ಆದರೆ ಈ ದಿನ ಮಾತ್ರ ಅವನು ಮೊದಲು ಗಡಿಯಾರ ನೋಡಿದ. ಏಕೆಂದರೆ ಸಂಜೆ ಆರಕ್ಕೆ ಕಟ್ಟಡದ ನಿವಾಸಿಗಳ ವಾರ್ಷಿಕ ಸಭೆ, ಅಲ್ಲಿ ಅವನ ಗಿಟಾರಿನ ಹಣೆಬರಹ ತೀರ್ಮಾನವಾಗುವುದಿತ್ತು.

ಸಂಗತಿ ಇಷ್ಟೇ. ಅವನ ಮನೆಯ ಸರಿಯಾಗಿ ಕೆಳಗೆ ನಿವಾಸಿಗಳ ಸಂಘದ ಅಧ್ಯಕ್ಷರ ಮನೆ. ಎರಡು ವರ್ಷದಿಂದ ಇವನು ಒಂದು ತಂತಿ ಮೀಟಿದರೆ ಅವರು ಕೆಳಗಿನಿಂದ ಛಾವಣಿಗೆ ಎರಡು ಏಟು ಬಡಿಯುತ್ತಿದ್ದರು. ಕೊನೆಗೆ ಒಂದು ಒಪ್ಪಂದವಾಯಿತು. ಸಭೆಯಲ್ಲಿ ಅವನು ಒಂದು ರಾಗ ನುಡಿಸಬೇಕು. ಜನ ಮೆಚ್ಚಿ ಕೈಯೆತ್ತಿದರೆ ನೆಲಮಾಳಿಗೆಯ ಖಾಲಿ ಕೋಣೆ ಅವನ ಅಭ್ಯಾಸಕ್ಕೆ. ಮೆಚ್ಚದಿದ್ದರೆ ಕೋಣೆ ಕೇರಂ ಆಡುವವರಿಗೆ, ಪೆಟ್ಟಿಗೆ ಕಟ್ಟಡದಿಂದ ಹೊರಕ್ಕೆ. ಗಿಟಾರಿಲ್ಲದ ಭಾನುವಾರವನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು.

ಪೆಟ್ಟಿಗೆಗೆ ಎರಡು ಬಾಯಿ, ಮೇಲೊಂದು ಕೆಳಗೊಂದು. ಎರಡಕ್ಕೂ ಬೇರೆ ಬೇರೆ ತಂತಿ. ಹಿಂದೆ ಗಿಟಾರಿನ ಪಿನ್ನು ಚುಚ್ಚಲು ಮೇಲಿನದಕ್ಕೊಂದು, ಕೆಳಗಿನದಕ್ಕೊಂದು ತೂತು. ಕೆಳಗಿನ ಬಾಯಿ ಎರಡು ವರ್ಷದ ಹಿಂದೆಯೇ ಮೂಕವಾಗಿತ್ತು. ಸ್ಪೀಕರ್ ಸತ್ತಿದೆ ಎಂದು ಕನ್ನಡಕದಣ್ಣ ಬಿಚ್ಚಿಯೂ ನೋಡದೆ ಹೇಳಿ ಕೈತೊಳೆದುಕೊಂಡಿದ್ದ. ಅಂದಿನಿಂದ ಮೇಲಿನದೊಂದೇ ಸಂಸಾರ ತೂಗಿಸುತ್ತಿತ್ತು. ಈಗ ಅದರೊಳಗೆ ಕೋಲು.

ಒಂಬತ್ತಕ್ಕೆ ಗಿಟಾರ್ ಅಂಗಡಿಯವನ ಮನೆ ಬಾಗಿಲು ಬಡಿದು, ಅಂಗಡಿ ತೆಗೆಸಿ, ಎರಡು ಹೊಸ ಸ್ಪೀಕರ್ ಹೊತ್ತು ತಂದ. ಎರಡೂ ಹನ್ನೆರಡು ಇಂಚು. ಒಂದರ ಬೆನ್ನು ನೀಲಿ, ಇನ್ನೊಂದರದು ಬೂದಿ ಬಣ್ಣ. ಎರಡನ್ನೂ ಹಾಕಿ ಕೇಳಿ, ಬೇಡವಾದದ್ದನ್ನು ನಾಲ್ಕು ಗಂಟೆಯೊಳಗೆ ತಂದುಕೊಡಿ, ಆಮೇಲೆ ನಾನು ಒಂದು ವಾರ ಊರಲ್ಲಿರುವುದಿಲ್ಲ ಎಂದು ಅಂಗಡಿಯವನು ಹೇಳಿದ್ದ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದಕ್ಕೆ, ಕಿವಿ ನಿಮ್ಮದು ಸ್ವಾಮಿ ಎಂದು ಕೈಮುಗಿದಿದ್ದ.

ಬೂದಿಯನ್ನು ಮೇಲಿನ ಬಾಯಿಗೆ, ನೀಲಿಯನ್ನು ಕೆಳಗಿನ ಬಾಯಿಗೆ ಕೂರಿಸಿ, ತಿರುಪು ಬಿಗಿದು, ತಂತಿ ಜೋಡಿಸುವಷ್ಟರಲ್ಲಿ ಹೊತ್ತು ಏರಿತ್ತು. ಹೆಂಡತಿ, ಒಮ್ಮೆ ಎರಡನ್ನೂ ನುಡಿಸಿ ನೋಡಿಬಿಡಿ ಅಂದಳು. ಅವನು ಒಪ್ಪಲಿಲ್ಲ. ಮೊದಲೇ ನೋಡಿಕೊಂಡು ಕೇಳಿದರೆ ಕಿವಿಗೆ ಪಕ್ಷಪಾತ ಬರುತ್ತದೆ, ಪರೀಕ್ಷೆ ಅಂದಮೇಲೆ ಪರೀಕ್ಷೆಯ ಹಾಗೇ ಆಗಬೇಕು ಎಂದ.

ಪರೀಕ್ಷೆಯ ವಿಷಯದಲ್ಲಿ ಅವನಿಗೆ ಮಹಾ ಹೆಮ್ಮೆ. ಹದಿನೆಂಟು ವರ್ಷದಿಂದ ತನ್ನ ಕನ್ನಡಕದ ಅಂಗಡಿಯಲ್ಲಿ ಅವನ ಕಸುಬೇ ಅದು. ಗಿರಾಕಿಯ ಕಣ್ಣಿನ ಮುಂದೆ ಒಂದು ಗಾಜು, ಆಮೇಲೆ ಇನ್ನೊಂದು ಗಾಜು ಇಟ್ಟು "ಮೊದಲನೇದಾ, ಎರಡನೇದಾ?" ಎಂದು ಕೇಳುವುದು. ಅದರಲ್ಲಿ ಅವನದೊಂದು ಕಿಡಿಗೇಡಿತನವೂ ಇತ್ತು. ಗಿರಾಕಿ ನಿಜವಾಗಿ ನೋಡಿ ಹೇಳುತ್ತಿದ್ದಾನೋ ಇಲ್ಲವೋ ತಿಳಿಯಲು, ಅದೇ ಗಾಜನ್ನು ತೆಗೆದಂತೆ ಮಾಡಿ ಮತ್ತೆ ಅದನ್ನೇ ಇಡುತ್ತಿದ್ದ. ಹತ್ತರಲ್ಲಿ ಒಂಬತ್ತು ಜನ ಎರಡನೆಯದೇ ಚೆನ್ನಾಗಿದೆ ಅನ್ನುತ್ತಿದ್ದರು. ಅಧ್ಯಕ್ಷರಂತೂ, ಎರಡನೆಯದರಲ್ಲಿ ಗೋಡೆಯ ಮೇಲಿನ ಇರುವೆ ಕೂಡ ಕಾಣುತ್ತಿದೆ ಅಂದಿದ್ದರು. ಇದನ್ನು ಊಟದ ಹೊತ್ತಿಗೆ ಹೆಂಡತಿಗೆ ಹೇಳಿ ಹೇಳಿ, ನಗುವಿನಲ್ಲಿ ತುತ್ತು ನೆತ್ತಿಗೇರಿಸಿಕೊಂಡದ್ದು ಎಷ್ಟು ಸಲವೋ. ಅವಳೂ ಅಂಗಡಿಯಲ್ಲೇ ಇರುವವಳು, ಈ ಆಟವನ್ನು ಬಲ್ಲವಳು.

ಪೆಟ್ಟಿಗೆಯ ಮುಂದೆ ಹಾಸಿಗೆಯ ಹೊದಿಕೆಯೊಂದನ್ನು ಪರದೆಯಾಗಿ ಕಟ್ಟಿದ್ದಾಯಿತು. ಪರದೆಯ ಹಿಂದೆ ಹೆಂಡತಿ ಕೂರಬೇಕು. ಯಾವುದು ಒಂದು, ಯಾವುದು ಎರಡು ಎಂದು ಅವಳೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡು, ಪಿನ್ನು ಬದಲಿಸುತ್ತ, ಚಮಚದಿಂದ ತಟ್ಟೆಯನ್ನು ಒಂದಕ್ಕೆ ಒಂದು ಸಲ, ಎರಡಕ್ಕೆ ಎರಡು ಸಲ ಬಡಿಯಬೇಕು. ಇವನು ಈಚೆ ಕೂತು ನುಡಿಸುತ್ತಾನೆ.

"ನಿನ್ನ ದನಿಯಲ್ಲೇ ಗುಟ್ಟು ರಟ್ಟಾಗತ್ತೆ. ಏನೇ ಆದ್ರೂ ತುಟಿ ಬಿಚ್ಚಬೇಡ," ಎಂದು ತಾಕೀತು ಮಾಡಿದ.

ಮಾವ ಕುರ್ಚಿ ಎಳೆದುಕೊಂಡು ಮುಂದಿನ ಸಾಲಿನಲ್ಲಿ ಕೂತರು. ಮೊದಲ ಏಟು ಬಿತ್ತು, ಇವನು ನುಡಿಸಿದ. ಚೆನ್ನಾಗಿತ್ತು. ಆಮೇಲೆ ಪರದೆಯ ಹಿಂದೆ ಸ್ವಲ್ಪ ಹೊತ್ತು ಖಟಖಟ ಸದ್ದಾಯಿತು. "ರೀ..." ಎಂಬ ದನಿ ಕೇಳಿತು. ಇವನು "ಶ್!" ಎಂದ. ಮತ್ತೆ ಖಟಖಟ. ಕೊನೆಗೆ ತಟ್ಟೆಗೆ ಎರಡು ಏಟು ಬಿದ್ದವು. ಇವನು ತಂತಿ ಮೀಟಿದ್ದೇ ತಡ, ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಎಂಥ ನಾದ ಅದು! ಮೊದಲನೆಯದು ನೆಗಡಿಯಾದ ಮೂಗಿನಿಂದ ಬಂದ ಹಾಗಿದ್ದರೆ, ಇದು ಎದೆಯಾಳದಿಂದ ಬರುತ್ತಿತ್ತು. ಮಂದ್ರದಲ್ಲಿ ಬೆಚ್ಚಗೆ, ತಾರದಲ್ಲಿ ಬೆಳ್ಳಗೆ. ಮಾವನೂ ತಲೆದೂಗಿದರು. ಮೊದಲನೆಯದು ಗೂಡ್ಸ್ ಗಾಡಿ, ಇದು ಎಕ್ಸ್‌ಪ್ರೆಸ್ ಎಂದರು.

ಸದ್ದು ಕೇಳಿ ಮೇಲಿನ ಮನೆಯ ಡ್ರೈವಿಂಗ್ ಮೇಷ್ಟರು ಇಳಿದು ಬಂದರು. ಛಾವಣಿಗೆ ಬಡಿದೂ ಬಡಿದೂ ಕೈಸೋತ ಅಧ್ಯಕ್ಷರು ಕೆಳಗಿನಿಂದ ಹತ್ತಿ ಬಂದರು. ಬೈಯಲೆಂದೇ ಬಂದವರನ್ನು ಕನ್ನಡಕದಣ್ಣ ತೀರ್ಪುಗಾರರೆಂದು ಕುರ್ಚಿಯಲ್ಲಿ ಕೂರಿಸಿಬಿಟ್ಟ. ತೀರ್ಪು ಕೊಡಿ ಅಂದರೆ ಬಿಟ್ಟು ಹೋಗುವ ಜಾತಿಯವರಲ್ಲ ಅವರು. ಕನ್ನಡಕ ಒರೆಸಿ, ಮತ್ತೆ ಹಾಕಿಕೊಂಡು, ಕಿವಿಯಿಂದ ಕೇಳುವ ಕೆಲಸಕ್ಕೆ ಸಿದ್ಧರಾದರು.

ಡ್ರೈವಿಂಗ್ ಮೇಷ್ಟರದು ಒಂದನೆಯದರ ಪಕ್ಷ. ಅದರಲ್ಲಿ ಎಂಜಿನ್ ಇದೆ, ಎರಡನೆಯದು ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲಿ ಬಿಟ್ಟ ಕಾರು ಅಂದರು. ರೈಲು ಓಡಿಸಿದವರಿಗೆ ಕಾರಿನವರ ಮಾತು ಹಿಡಿಸೀತೇ? ನೀವು ಇಷ್ಟು ವರ್ಷ ಹಾರ್ನ್ ಕೇಳೀ ಕೇಳೀ ಕಿವಿ ಕೆಡಿಸಿಕೊಂಡಿದ್ದೀರಿ ಎಂದರು ಮಾವ. ನೀವೇನು ರೈಲು ಓಡಿಸಿದವರೇ, ಹಿಂದಿನ ಡಬ್ಬಿಯಲ್ಲಿ ಬಾವುಟ ಬೀಸಿದವರು ಎಂದರು ಮೇಷ್ಟರು. ಮಾತು ಸ್ಪೀಕರಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನ ಮೇಲೆ ಬಿಡುವ ಚಪ್ಪಲಿಗೆ, ಅಲ್ಲಿಂದ ಕಾರು ನಿಲ್ಲಿಸುವ ಜಾಗಕ್ಕೆ ಹೋಯಿತು. ಅಧ್ಯಕ್ಷರು ಎರಡೂ ಕೈ ಎತ್ತಿ, ಎರಡನೆಯದರಲ್ಲಿ ಗಲಾಟೆ ಕಡಿಮೆ, ಆದ್ದರಿಂದ ಎರಡನೆಯದು ಎಂದು ತೀರ್ಪಿತ್ತರು.

ಕನ್ನಡಕದಣ್ಣ ಹಾಗೆಲ್ಲ ಅವಸರಪಡುವವನಲ್ಲ. ಇಪ್ಪತ್ತು ಸಲ ಬದಲಿಸಿ ಕೇಳಿದ. ಹತ್ತೊಂಬತ್ತು ಸಲ ಎರಡನೆಯದನ್ನೇ ಮೆಚ್ಚಿದ. ಒಂದು ಸಲ ಒಂದನೆಯದು ಅಂದದ್ದು ನಡುವೆ ಸೀನು ಬಂದದ್ದರಿಂದ. ಮೂರು ಗಂಟೆಗೆ ಪರದೆ ಸರಿಸಿದಾಗ ಹೆಂಡತಿಯ ಮುಖ ಬೆವೆತು, ತುಟಿ ಒಂದು ಥರ ಬಿಗಿದುಕೊಂಡಿತ್ತು.

"ಈಗ ಹೇಳು, ಎರಡನೇದು ಯಾವುದು?"

"ಎರಡನೇದು ಅಂತ ನಾನು ಇಟ್ಕೊಂಡಿದ್ದು ಕೆಳಗಿಂದು. ಆದ್ರೆ ರೀ, ಒಂದು ವಿಷಯ..."

"ನೀಲಿ! ನನಗೆ ಗೊತ್ತಿತ್ತು." ಅವನು ಆಗಲೇ ತಿರುಪುಳಿ ಹಿಡಿದು ಬೂದಿಯನ್ನು ಬಿಚ್ಚುತ್ತಿದ್ದ. "ಆಮೇಲೆ ಹೇಳು. ನಾಲ್ಕಕ್ಕೆ ಅವನು ಬಾಗಿಲು ಹಾಕ್ತಾನೆ."

ಬೂದಿಯನ್ನು ಎದೆಗವಚಿಕೊಂಡು ಓಡಿದ. ಅಂಗಡಿಯವನು ಬೀಗ ಹಿಡಿದು ನಿಂತಿದ್ದ. ಬೂದಿಯನ್ನು ಬಿಟ್ಟು ನೀಲಿ ಇಟ್ಟುಕೊಂಡಿರಾ, ಎಲ್ಲರೂ ಬೂದಿಯನ್ನೇ ಇಟ್ಟುಕೊಳ್ಳುತ್ತಾರೆ ಎಂದ. ಎಲ್ಲರಿಗೂ ಕಿವಿ ಇರಬೇಕಲ್ಲ ಎಂದು ಕನ್ನಡಕದಣ್ಣ ನಕ್ಕ. ದಾರಿಯುದ್ದಕ್ಕೂ ಆ ನಗು ಅವನ ಮುಖದ ಮೇಲೆ ಹಾಗೇ ಇತ್ತು. ಬಸ್ಸು ಕೆಟ್ಟು ಅರ್ಧ ದಾರಿ ನಡೆದು ಬಂದರೂ ಅದು ಮಾಸಲಿಲ್ಲ.

ಅವನು ಬರುವ ಹೊತ್ತಿಗೆ ಆರಕ್ಕೆ ಐದು ನಿಮಿಷ. ಮಾವ ಮತ್ತು ಮೇಷ್ಟರು ಜಗಳ ಮರೆತು, ಪೆಟ್ಟಿಗೆಯನ್ನು ಕೆಳಗಿನ ಸಭಾಂಗಣಕ್ಕೆ ಸಾಗಿಸಿಟ್ಟಿದ್ದರು. ಮೇಲಿನ ಬಾಯಿ ಖಾಲಿ, ಕೆಳಗಿನದರಲ್ಲಿ ನೀಲಿ. ಬಾಗಿಲಲ್ಲೇ ಹೆಂಡತಿ ಅಡ್ಡಗಟ್ಟಿ ಮತ್ತೆ "ರೀ" ಅಂದಳು. ಶುಭಕಾರ್ಯದ ಮುಂದೆ ಏನೂ ಹೇಳಬೇಡ ಎಂದು ಕೈಯಾಡಿಸಿ ಒಳಗೆ ನುಗ್ಗಿದ. ಒಂದೇ ದಿನಕ್ಕೆ ಮೂರು ಸಲ ಬಾಯಿ ಮುಚ್ಚಿಸಿಕೊಂಡ ಹೆಂಗಸು ನಾಲ್ಕನೆಯ ಸಲ ಯಾಕೆ ಬಾಯಿ ತೆರೆದಾಳು? ಕೇಳಿದಾಗ ಹೇಳಿದರಾಯಿತು ಎಂದು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಳು.

ಅರವತ್ತು ಜನ ಸೇರಿದ್ದರು. ಕನ್ನಡಕದಣ್ಣ ಕೆಳಗಿನ ತೂತಿಗೆ ಪಿನ್ನು ಚುಚ್ಚಿ, ಗಿಟಾರ್ ಕೊರಳಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ತಂತಿಯ ಮೇಲೆ ಕೈ ಎಳೆದ.

ಟಿಣ್ ಅಂತು. ಅದೂ ಬರೀ ತಂತಿಯ ಸದ್ದು, ಎರಡನೆಯ ಸಾಲಿಗೂ ಕೇಳಿಸದಷ್ಟು. ಸದ್ದಿನ ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದ. ಪೂರ್ತಿ ತಿರುಗಿಸಿದ. ನೀಲಿ ಸ್ಪೀಕರ್ ಅವನನ್ನು ಗುರುತೇ ಇಲ್ಲದವರ ಹಾಗೆ ನೋಡುತ್ತ ಕೂತಿತ್ತು. ಬಗ್ಗಿ ಪಿನ್ನು ತಿರುಚಿದ, ಪೆಟ್ಟಿಗೆಯ ನೆತ್ತಿಗೆ ಒಂದು ಕೊಟ್ಟ. ಹಣೆಯಿಂದ ಬೆವರು ಇಳಿದು ಕನ್ನಡಕದ ಗಾಜಿಗೆ ಬಂತು. ಕೊನೆಗೆ ಗಿಟಾರ್ ಸಮೇತ ಹೆಂಡತಿಯ ಮುಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತ.

"ಯಾಕೆ ಬರ್ತಿಲ್ಲ ಇದು?"

"ಬೆಳಗ್ಗೇನೂ ಬರಲಿಲ್ಲ," ಎಂದಳು ಹೆಂಡತಿ, ತಣ್ಣಗೆ. "ಕೆಳಗಿನ ತೂತಲ್ಲಿ ತಂತಿ ಒಳಗೇ ಎಲ್ಲೋ ತುಂಡಾಗಿದೆ. ಸ್ಪೀಕರಿಂದೇನೂ ತಪ್ಪಿಲ್ಲ ಅನ್ಸತ್ತೆ. ಹಳೇದರದ್ದೂ ಇರ್ಲಿಲ್ಲವೇನೋ."

"ಮತ್ತೆ ಇಪ್ಪತ್ತು ಸಲ ಎರಡನೇದು ಕೇಳಿದ್ನಲ್ಲ?"

"ಇಪ್ಪತ್ತು ಸಲಾನೂ ಮೇಲಿಂದೇ. ಪಿನ್ನು ತೆಗೀತಿದ್ದೆ, ಅಲ್ಲೇ ಚುಚ್ತಿದ್ದೆ. ನೀವು ಗಿರಾಕಿಗಳಿಗೆ ಮಾಡ್ತೀರಲ್ಲ, ಹಾಗೆ."

"ಹೇಳಬಾರದಿತ್ತಾ?"

"ತುಟಿ ಬಿಚ್ಚಬೇಡ ಅಂದ್ರಿ. ಬಿಚ್ಚಿದಾಗ್ಲೆಲ್ಲ ಮುಚ್ಚಿಸಿದ್ರಿ."

ಎದೆಯಾಳದ ನಾದವೂ ನೆಗಡಿಯ ಮೂಗೂ ಒಂದೇ ಬೂದಿಯದು. ಆ ಬೂದಿ ಈಗ ಬೀಗ ಹಾಕಿದ ಅಂಗಡಿಯೊಳಗೆ ಒಂದು ವಾರದ ರಜೆಯಲ್ಲಿತ್ತು. ಕನ್ನಡಕದಣ್ಣನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಆದರೆ ದಾರಿ ಇನ್ನೂ ಇತ್ತು. ನೀಲಿಯನ್ನು ಬಿಚ್ಚಿ ಮೇಲಿನ ಬಾಯಿಗೆ ಕೂರಿಸಿದರೆ ಮುಗಿಯಿತು, ಹತ್ತು ನಿಮಿಷದ ಕೆಲಸ. ಅವನು ಜೇಬಿನಿಂದ ತಿರುಪುಳಿ ತೆಗೆದ.

ಅಷ್ಟರಲ್ಲಿ ಅಧ್ಯಕ್ಷರು ಎದ್ದು ನಿಂತಿದ್ದರು. ಅವರ ಮುಖದಲ್ಲಿ ಎರಡು ವರ್ಷದಿಂದ ಯಾರೂ ಕಾಣದ ಕಳೆ ಇತ್ತು. ಇಂಥ ಗಿಟಾರನ್ನು ತಾವು ಜನ್ಮದಲ್ಲಿ ಕೇಳಿಲ್ಲ, ಇದನ್ನು ನುಡಿಸಲು ತಮ್ಮದೇನೂ ಅಡ್ಡಿಯಿಲ್ಲ, ಒಪ್ಪುವವರು ಕೈಯೆತ್ತಿ ಎಂದರು. ಅರವತ್ತು ಕೈ ಒಟ್ಟಿಗೆ ಎದ್ದವು. ಮಾವ ಅಭಿಮಾನದಿಂದ ಎರಡೂ ಕೈ ಎತ್ತಿದರು. ಅಧ್ಯಕ್ಷರು ಸಭೆಯ ಪುಸ್ತಕ ತೆರೆದು, ಕೋಣೆ ಮಂಜೂರು ಎಂದು ಬರೆದು, ಪೆನ್ನಿನ ತುದಿಯನ್ನು ತಿರುಪುಳಿಯ ಕಡೆ ತೋರಿಸಿದರು.

"ಅದನ್ನ ಜೇಬಿಗೆ ಹಾಕ್ಕೊಳ್ಳಿ. ಮಂಜೂರಾಗಿರೋದು ಈ ಪೆಟ್ಟಿಗೆಗೆ, ಅದು ಈಗ ಹೇಗಿದೆಯೋ ಹಾಗೆ. ನಿಮ್ಮ ಮುಂದೆ ಎರಡು ದಾರಿ ಇಡ್ತೀನಿ. ಮೊದಲನೇದು, ಇದನ್ನ ಹೀಗೇ ಇಟ್ಕೊಂಡು ಕೋಣೇಲಿ ದಿನವಿಡೀ ನುಡಿಸಿ, ನಾನು ಕೇಳಲ್ಲ. ಎರಡನೇದು, ಒಂದು ತಿರುಪು ಮುಟ್ಟಿದ್ರೂ ಕೋಣೆ ಕೇರಂನವರಿಗೆ, ಪೆಟ್ಟಿಗೆ ಹೊರಗೆ." ಅವರು ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ಬರೆಯಲು ಅಣಿಯಾದರು. "ಹೇಳಿ. ಮೊದಲನೇದಾ, ಎರಡನೇದಾ?"

ಕನ್ನಡಕದಣ್ಣ ಎರಡನ್ನೂ ಮನಸ್ಸಿನಲ್ಲೇ ಹಾಕಿ ನೋಡಿದ, ತೆಗೆದು ನೋಡಿದ, ಮತ್ತೆ ಹಾಕಿ ನೋಡಿದ. ಎರಡೂ ಒಂದೇ ಗಾಜು. ಹೆಂಡತಿಯ ಕಡೆ ತಿರುಗಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಭುಜ ಕುಣಿಸುತ್ತಿದ್ದಳು.

"ಮೊದಲನೇದೇ," ಎಂದ ಅವನು, "ಒಂಚೂರು ಚೆನ್ನಾಗಿದೆ ಅನ್ಸತ್ತೆ."