ಯಾರ ಎಲೆಕ್ಟ್ರಾನ್ ಯಾರದು?

ಎಂಥ ಕಷ್ಟದ ವಿಷಯವನ್ನೂ ಯಾರಿಗೆ ಬೇಕಾದರೂ ಅರ್ಥ ಮಾಡಿಸಬಲ್ಲೆ ಎಂಬುದು ನನ್ನ ಬಗ್ಗೆ ನನಗಿದ್ದ ಅಭಿಪ್ರಾಯ. ಕುಮಟಾದ ಕಾಲೇಜೊಂದರಲ್ಲಿ ನನ್ನ ಭೌತಶಾಸ್ತ್ರದ ಪಾಠ ಕೇಳಿದ ಬೇರೆ ಯಾರಿಗೂ ಆ ಅಭಿಪ್ರಾಯ ಇದ್ದಂತಿಲ್ಲ.

ನನ್ನ ಗಂಡನ ಮನೆ ಹೊನ್ನಾವರದ ಹತ್ತಿರ, ಕಡಲ ದಂಡೆಯಲ್ಲಿ. ಮೀನುಗಾರರ ಕುಟುಂಬ. ಗಂಡನ ಅಣ್ಣ, ಅಂದರೆ ನನ್ನ ಭಾವ, ಹೊಸ ಮನೆ ಕಟ್ಟಿ ಒಕ್ಕಲಾದ ಮರುದಿನ ನೆಂಟರಿಗೆಲ್ಲ ಮೀನೂಟ ಇಟ್ಟುಕೊಂಡಿದ್ದರು. ಅಂಗಳದ ಚಪ್ಪರದಡಿ ಬಂಗಡೆ ಕೊಯ್ಯುತ್ತ ಕೂತಿದ್ದ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು.

“ಅಲ್ಲ ಸುಮಾ, ಅಷ್ಟು ವರ್ಷ ಓದಿ ಡಾಕ್ಟರ್ ಆದ್ಯಲ್ಲ, ಅದು ಎಂತದ್ದು? ಕೇಳಿದೋರಿಗೆ ನಾನು ಎಂತ ಹೇಳೂದು? ಸೂಜಿ ಚುಚ್ಚೂಕಂತೂ ನಿಂಗೆ ಬರೂದಿಲ್ಲ.”

ನನ್ನ ಕಣ್ಣು ತುಂಬಿ ಬಂತು. ಮದುವೆಯಾದಾಗಿನಿಂದ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ!

“ಉದ್ರಿಕ್ತ ಪರಮಾಣುಗಳ ಬಗ್ಗೆ, ಅತ್ತೆ.”

“ಉದ್ರಿಕ್ತವಾ! ಪೊಲೀಸ್ನೋರು ಬರ್ಲಿಲ್ವನೇ?”

ಮಾತಿನಲ್ಲಿ ಹೇಳಿದರೆ ಇದು ಆಗುವ ಕೆಲಸವಲ್ಲ ಎಂದು ನಾನು ಬಲೆಯ ಹಗ್ಗ ತರಿಸಿದೆ. ನಾನು, ಭಾವನ ಹೆಂಡತಿ ಮತ್ತು ನಾದಿನಿ ಒಂದೊಂದು ಹಗ್ಗ ಹಿಡಿದು ನಿಂತೆವು. ನಾವು ಒಬ್ಬೊಬ್ಬರೂ ಒಂದೊಂದು ಪರಮಾಣುವಿನ ನಡುವಿನ ಬೀಜ. ಹಗ್ಗದ ಇನ್ನೊಂದು ತುದಿ ನಮ್ಮ ನಮ್ಮ ಗಂಡಂದಿರ ಸೊಂಟಕ್ಕೆ. ಅವರು ಎಲೆಕ್ಟ್ರಾನ್. ಮೊದಲು ಹಗ್ಗ ಗಿಡ್ಡ ಮಾಡಿ ಕಾಲ ಬುಡದಲ್ಲೇ ಸುತ್ತಿಸಿದೆ.

“ಇದು ಸಾಮಾನ್ಯ ಸ್ಥಿತಿ,” ಎಂದೆ.

“ಅದು ನಮಗೆ ಗೊತ್ತಿದ್ದದ್ದೇ,” ಎಂದರು ನನ್ನ ಗಂಡ.

“ಈಗ ಶಕ್ತಿ ಕೊಟ್ಟೆವು ಅಂತ ಇಟ್ಕೊಳ್ಳಿ,” ಎಂದು ಹಗ್ಗ ಸಡಿಲಿಸಿದೆ. ಎಲೆಕ್ಟ್ರಾನ್‌ಗಳು ಎಷ್ಟು ಉತ್ಸಾಹದಿಂದ ದೂರ ಹೋದವೆಂದರೆ, ಪ್ರಯೋಗಾಲಯದಲ್ಲೂ ನಾನು ಅಂಥದ್ದನ್ನು ಕಂಡಿರಲಿಲ್ಲ!

ಅತ್ತೆ ಮೀನು ಬಿಟ್ಟು ಎದ್ದು ಬಂದರು. “ಅಷ್ಟು ದೂರ ಹೋದ್ರೆ ಹಿಡಿತ ಇರ್ತದಾ?”

“ಬಹಳ ಕಡಿಮೆ. ಚೂರು ತಳ್ಳಿದ್ರೂ ಬಿಟ್ಟೇ ಹೋಗ್ತದೆ.”

ನಾದಿನಿ ತಕ್ಷಣ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಳು.

“ಇಂತಾವನ್ನೆಲ್ಲ ಹತ್ತಿರ ಹತ್ತಿರ ತಂದ್ರೆ ಎಂತ ಆಗ್ತದೆ?” ಎಂದರು ಅತ್ತೆ. ನಾನು ದಂಗಾದೆ. ನನ್ನ ಇಡೀ ಸಂಶೋಧನೆಯೇ ಆ ಪ್ರಶ್ನೆ! ಆ ಸಂತೋಷದಲ್ಲಿ, ಉದ್ದ ಹಗ್ಗವನ್ನು ಹಾಗೇ ಬಿಟ್ಟು, ನಾವು ಮೂವರೂ ಭುಜಕ್ಕೆ ಭುಜ ತಾಗಿಸಿ ನಿಂತೆವು.

“ಸುತ್ತಿ!” ಎಂದೆ.

ಸುತ್ತಿದರು. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಹಗ್ಗಕ್ಕೆ ಹಗ್ಗ ಗಂಟು ಬಿತ್ತು. ಭಾವ ಎಳೆದರು, ನಾದಿನಿಯ ಗಂಡ ಜಗ್ಗಿದರು, ನಡುವೆ ಸಿಕ್ಕಿದ್ದ ಚಪ್ಪರದ ಕಂಬ ಕಿತ್ತು ಬಂತು. ಚಪ್ಪರದ ಬಟ್ಟೆ ಮೂವರು ಗಂಡಂದಿರ ಮೇಲೆ ಗಂಭೀರವಾಗಿ ಇಳಿಯಿತು. ಕಾಣುತ್ತಿದ್ದದ್ದು ಕಾಲುಗಳು ಮಾತ್ರ.

“ಅಯ್ಯೋ, ಇದ್ರಲ್ಲಿ ಯಾರ ಗಂಡ ಯಾರದ್ದು?” ಎಂದು ಅತ್ತೆ ಕೂಗಿದರು.

“ಅದೇ ಅತ್ತೆ, ಅದೇ!” ನಾನು ಕುಣಿದಾಡಿದೆ. “ಒತ್ತಟ್ಟಿಗೆ ಬಂದ ಮೇಲೆ ಯಾರದ್ದು ಅಂತ ಹೇಳೂಕೆ ಬರೂದಿಲ್ಲ! ಒಬ್ಬರದ್ದಲ್ಲ, ಎಲ್ಲರದ್ದೂ! ಅದ್ರಿಂದಲೇ ಎಲ್ಲ ಒಟ್ಟಿಗೆ ಹಿಡ್ಕೊಂಡು ನಿಲ್ಲೂದು!”

ಅಂಗಳದಲ್ಲಿ ನೆರೆದಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಗಂಡಂದಿರ ತೋಳು ಹಿಡಿದುಕೊಂಡರು. ಏನೋ ಎಡವಟ್ಟಾಗಿದೆ ಎಂದು ಹೊಳೆದು, ಗಂಡನನ್ನಾದರೂ ಹೊರಗೆ ತೆಗೆಯೋಣವೆಂದು ಕಂಡ ಕಾಲೊಂದನ್ನು ಹಿಡಿದು ಬಲವಾಗಿ ಎಳೆದೆ.

“ತಂಗೀ,” ಎಂದಿತು ಬಟ್ಟೆಯೊಳಗಿನ ದನಿ, ಬಹಳ ಮರ್ಯಾದೆಯಿಂದ. “ನಾನು ನಿನ್ನ ಭಾವ. ಕಾಲು ಬಿಡು.”

ಊಟ ಬಿಸಿಲಲ್ಲೇ ಆಯಿತು. ನನ್ನ ಪಕ್ಕ ಯಾವ ಹೆಂಗಸೂ ತನ್ನ ಗಂಡನನ್ನು ಕೂರಿಸಲಿಲ್ಲ. ಅತ್ತೆ ಮಾತ್ರ ಖುಷಿಯಾಗಿದ್ದರು. ಅವರಿಗೆ ಎಲ್ಲ ಅರ್ಥವಾಗಿತ್ತು. ಅರ್ಥವಾದದ್ದನ್ನು ಕಂಡಕಂಡವರಿಗೆ ಹೇಳಿದರು.

ಕೆಲವು ದಿನಗಳ ನಂತರ ಕುಮಟಾದ ಮೀನು ಪೇಟೆಯಲ್ಲಿ ಸಿಗಡಿ ಮಾರುವ ಹೆಂಗಸೊಬ್ಬಳು ನನ್ನನ್ನು ದಿಟ್ಟಿಸಿ ನೋಡಿ, ದನಿ ತಗ್ಗಿಸಿದಳು.

“ಅಮಾ, ಗಂಡಂದಿರ ವಿಷಯದಲ್ಲಿ ಡಾಕ್ಟರ್ ಆದೋರು ನೀವೇ ಅಲ್ವಾ? ನಮ್ಮನೆಯವ ಮನೆ ಬಿಟ್ಟು ದೂರ ದೂರವೇ ತಿರುಗೂಕೆ ಹಿಡಿದು ಬಹಳ ದಿನ ಆತು. ಎಂತಾದ್ರೂ ಔಷಧಿ ಇದ್ರೆ ಹೇಳಿ.”

ನನಗೆ ಗೊತ್ತಿಲ್ಲ ಎಂದೆ.

“ಪಾಪ, ಕಲಿಯೂದು ಇನ್ನೂ ಮುಗೀಲಿಲ್ಲ ಕಾಣ್ತದೆ,” ಎನ್ನುತ್ತ ಆಕೆ ನನ್ನ ಚೀಲಕ್ಕೆ ಒಂದು ಹಿಡಿ ಸಿಗಡಿ ಹೆಚ್ಚಿಗೆ ಹಾಕಿದಳು. ನಾನು ಚೀಲದ ಬಾಯಿ ಇನ್ನಷ್ಟು ಅಗಲ ಮಾಡಿ ಹಿಡಿದೆ.