ಲೈನ್ ಆಫ್ ಮಾಡಿಸದ ಹೀರೋಗಳು

ನಮ್ಮ ಸೋದರಮಾವನಿಗೆ ಜಗತ್ತಿನಲ್ಲಿ ಎರಡು ಥರದವರನ್ನು ಕಂಡರಾಗದು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವವರು ಮತ್ತು ಆಕಾಶದಿಂದ ಧುಮುಕಿ ಲೋಕ ಉಳಿಸುವವರು. ಮೊದಲನೆಯವರ ಬಗ್ಗೆಯಾದರೂ ಸ್ವಲ್ಪ ಕನಿಕರವಿದೆ!

ಮಾವ ರಿಪ್ಪನ್‌ಪೇಟೆ ಕಡೆಯ ಲೈನ್‌ಮನ್. ಕಂಬ ಹತ್ತುವುದು ಕಸುಬು, ಸೂಪರ್‌ಹೀರೋಗಳನ್ನು ತರಾಟೆಗೆ ತೆಗೆದುಕೊಳ್ಳುವುದು ಹವ್ಯಾಸ. ಇಂಥವನನ್ನು ಒಮ್ಮೆ ಸಾಗರದ ಟಾಕೀಸಿಗೆ ಕರೆದುಕೊಂಡು ಹೋದೆ. ಯಾಕೆ ಹೋದೆನೋ! ತೆರೆಯ ಮೇಲೆ ಹೀರೋ ಹೈಟೆನ್ಷನ್ ತಂತಿಯನ್ನು ಬರಿಗೈಯಲ್ಲಿ ಕಿತ್ತು ಚಾವಟಿಯಂತೆ ಬೀಸಿದ. ಟಾಕೀಸೆಲ್ಲ ಸಿಳ್ಳೆ. ಮಾವ ಎದ್ದು ನಿಂತು ಕೇಳಿದ: "ಎಲ್‌ಸಿ ತಗಂಡಿದಾನಾ ಇವ್ನು?"

ಎಲ್‌ಸಿ ಎಂದರೆ, ಲೈನ್ ಆಫ್ ಆಗಿದೆ, ಇನ್ನು ಮುಟ್ಟಬಹುದು ಎಂದು ಸಬ್‌ಸ್ಟೇಷನ್ನಿನವರು ಕೊಡುವ ಅನುಮತಿ. ಮಾವ ಹೇಳಿದ ಲೈನಿನ ಹೆಸರನ್ನು ಅವರು ತಿರುಗಿ ಹೇಳಬೇಕು, ಇವನು ಕೇಳಿಸಿಕೊಳ್ಳಬೇಕು. ಮನೆಯಲ್ಲಿ ಮಿಕ್ಸಿ ತೊಳೆಯುವ ಮುಂಚೆಯೂ ಅತ್ತೆಯಿಂದ ಎರಡು ಸಲ "ಆಫ್ ಮಾಡಿದೀನಿ" ಎಂದು ಹೇಳಿಸುವ ಆಸಾಮಿ!

ಹಿಂದಿನ ಸಾಲಿನವರು ಗದರಿ ಕೂರಿಸಿದರು. ಕೂತವನು ಸುಮ್ಮನಿದ್ದನೇ? ಈಗ ಹೀರೋ ಸಾಯುತ್ತಾನೆ, ಹುಡುಗಿ ಅಳುತ್ತಾಳೆ, ಹತ್ತು ನಿಮಿಷಕ್ಕೆ ಎದ್ದು ಬರುತ್ತಾನೆ ಎಂದು ಭವಿಷ್ಯ ನುಡಿದ. ಹಾಗೇ ಆಯಿತು. ಮುಂದಿನ ಸಾಲಿನ ಹೆಂಗಸೊಬ್ಬರು ತಿರುಗಿ ನೋಡಿದ ರೀತಿ ನೋಡಿದರೆ, ಮಗಳ ಜಾತಕ ತಂದು ತೋರಿಸುವಂತಿದ್ದರು.

ಹಾಗೆಂದು ಮಾವ ಅರಸಿಕನಲ್ಲ. ಮೊಬೈಲಿನಲ್ಲಿ ಅವನ ಮೆಚ್ಚಿನ ಸೀರೀಸ್ ಒಂದಿದೆ. ಅದರ ಹೀರೋಗೂ ವಿಪರೀತ ಶಕ್ತಿ. ಆದರೆ ಗೋಡೆಗೆ ಗುದ್ದಿದರೆ ಗೋಡೆಯ ಜೊತೆ ಅವನ ಬೆರಳೂ ಮುರಿಯುತ್ತದೆ. ಒಂದು ಇಡೀ ಕಂತಿನಲ್ಲಿ ಆತ ಕೈಗೆ ಪಟ್ಟಿ ಕಟ್ಟಿಕೊಂಡು ಅಡುಗೆಮನೆಯಲ್ಲಿ ಕೂತಿರುತ್ತಾನೆ, ಉಳಿಸಲಾಗದೆ ಹೋದ ಒಬ್ಬ ಮುದುಕನನ್ನು ನೆನೆಯುತ್ತಾ. ಅಷ್ಟೇ ಕಥೆ! ಮಾವ ಅದನ್ನು ಮೂರು ಸಲ ನೋಡಿದ್ದಾನೆ. ನಾನು ಕಾಲು ಗಂಟೆಗೇ ಎದ್ದು ಹೋಗಿದ್ದೆ.

ತೀರ್ಥಹಳ್ಳಿಯ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲೂ ಇದೇ ಪ್ರವಚನ. ಸಾರಿನ ಬಕೆಟ್ ಹಿಡಿದವರು ಅವನ ಮಾತು ಮುಗಿಯಲೆಂದು ನಿಂತೇ ಇದ್ದರು. ಅಡುಗೆಮನೆಯಲ್ಲಿ ಹೆದರಿಕೊಂಡು ಕೂರುವವನು ಎಂಥ ಹೀರೋ ಎಂದು ಛೇಡಿಸಿದೆ.

"ಹೆದ್ರಿಕೆ ಇಲ್ದೋರೆಲ್ಲ ನಮ್ಮ ಆಫೀಸಿನ ಗೋಡೆ ಮೇಲೆ ಫೋಟೋ ಆಗಿದಾರೆ ಮಾರಾಯ್ತಿ. ಸಾರು ಹಾಕಿಸ್ಕ."

ಕಳೆದ ತಿಂಗಳು ಒಂದು ಬೆಳಿಗ್ಗೆ ಹುಂಚದಿಂದ ಅವನ ಬೈಕಿನಲ್ಲಿ ಬರುತ್ತಿದ್ದೆ. ಫೋನ್ ಬಂತೆಂದು ಮಾವ ಬೈಕ್ ನಿಲ್ಲಿಸಿದ. ನಾನು ಇಳಿದು ಸ್ವಲ್ಪ ದೂರ ನಡೆದಿದ್ದೆ. ಗಾಳಿ ಬೀಸಿತು, ಕೊಂಬೆ ಮುರಿಯಿತು, ತಂತಿ ತುಂಡಾಗಿ ನನ್ನೆದುರು ಎರಡು ಮಾರು ದೂರದಲ್ಲಿ ಒದ್ದೆ ನೆಲಕ್ಕೆ ಬಿದ್ದು ಚಟಚಟ ಎಂದಿತು. ಈಗಲೂ ಒಗ್ಗರಣೆ ಸಿಡಿದರೆ ನನಗೆ ಕೇಳಿಸುವುದು ಅದೇ ಸದ್ದು.

"ಓಡ್ಬೇಡ," ಹಿಂದಿನಿಂದ ಮಾವನ ದನಿ. "ಕಾಲು ಎತ್ಬೇಡ. ಎರಡೂ ಪಾದ ಜೋಡ್ಸು. ನೆಲ ಬಿಡದೆ ಇಷ್ಟಿಷ್ಟೇ ಜರುಗು, ನನ್ನ ಕಡಿಗೆ."

ಕರೆಂಟು ನೆಲದಲ್ಲೂ ಹರಡಿರುತ್ತದೆ, ಕಾಲು ಅಗಲಿಸಿದರೆ ಮೈಗೇರುತ್ತದೆ ಎಂದು ಗೊತ್ತಾಗಿದ್ದು ಆಮೇಲೆ. ಆಗ ಗೊತ್ತಾಗಿದ್ದು ಒಂದೇ: ಮಾವ ಹತ್ತಿರ ಬರುತ್ತಿಲ್ಲ! ದೂರದಲ್ಲಿ ಮಾವಿನ ಮರ ಹಿಡಿದು ನಿಂತು, ಇನ್ನೊಂದು ಕೈಯ ಫೋನಿನಲ್ಲಿ ಲೈನಿನ ಹೆಸರು ಹೇಳಿ, ಸಬ್‌ಸ್ಟೇಷನ್ನಿನವರಿಂದ ತಿರುಗಿ ಹೇಳಿಸುತ್ತಿದ್ದಾನೆ. ನಾನು ಸಾಯುವ ಹೊತ್ತಿನಲ್ಲೂ ಎಲ್‌ಸಿ! ಬೈಕಿನ ಹಿಂದೆ ಬಂದು ನಿಂತ ಬಸ್ಸಿನ ಕಂಡಕ್ಟರ್ ತಂತಿ ಕಾಣದೆ, "ಎಂಥದು, ಹೆಜ್ಜೆ ನಮಸ್ಕಾರದ ಹರಕೆಯಾ?" ಎಂದು ಕೇಳಿದ.

ಮರದ ಬುಡ ತಲುಪುವಷ್ಟರಲ್ಲಿ ಭಯವೆಲ್ಲ ಸಿಟ್ಟಾಗಿತ್ತು. ನಿನಗೆ ಕಂಡರಾಗದ ಆ ಸಿನಿಮಾದವನಾಗಿದ್ದರೆ ಹಾರಿ ಬಂದು ಎತ್ತಿಕೊಂಡು ಹೋಗುತ್ತಿದ್ದ, ನೀನು ಮರ ತಬ್ಬಿಕೊಂಡು ನಿಂತೆಯಲ್ಲ ಎಂದು ಬಾಯಿಗೆ ಬಂದಂತೆ ಬೈದೆ.

ಮಾವ ಇನ್ನೂ ಮರ ಬಿಟ್ಟಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಬೇಕಾಯಿತು. ಉಗುರಿನ ಸಂದಿಗೆ ತೊಗಟೆ ಹೊಕ್ಕು ರಕ್ತ ಒಸರುತ್ತಿತ್ತು.

"ಬಿಟ್ಟಿದ್ರೆ ಕಾಲು ನಿನ್ನ ಹತ್ರ ಓಡಿಬಿಡ್ತಿದ್ವು," ಎಂದ.

ಮಧ್ಯಾಹ್ನ ಅವನ ಬೆರಳಿಗೆ ಪಟ್ಟಿ ಕಟ್ಟಿ ಅಡುಗೆಮನೆಯಲ್ಲಿ ಕೂರಿಸಿದೆ. ಮೊಬೈಲನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ಆ ಕಂತು ಹಾಕಿದೆ. ಅವನು ನಾಲ್ಕನೇ ಸಲ ನೋಡಿದ. ನಾನು ಕೊನೆಯವರೆಗೂ ಏಳಲಿಲ್ಲ.