ಎಮ್ಮೆ ಲೆಕ್ಕದ ಕಾಕಾ, ಬೆಕ್ಕಿನ ನಾಲ್ಕು ಹನಿ

ನಮ್ಮ ಕಾಕಾ ತಮ್ಮ ಜೀವಮಾನದಲ್ಲಿ ಒಂದೇ ಒಂದು ಕೊಲೆ ಮಾಡಿದ್ದಾರೆ. ಸತ್ತದ್ದು ಬೆಕ್ಕು. ಆಯುಧ, ಒಂದು ಬಾಟಲಿ ಟಾನಿಕ್. ಕಣ್ಣಾರೆ ಕಂಡ ಸಾಕ್ಷಿ, ನಾನು.

ಮೂವತ್ತು ವರ್ಷಗಳಿಂದ ನಮ್ಮ ಮನೆತನದ ಪ್ರತಿ ಮದುವೆಯಲ್ಲೂ ಈ ಕತೆ ಹೇಳುತ್ತ ಬಂದಿದ್ದೇನೆ. ಕಾಕಾ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ಆಗ ಹಿರೋಳ್ಳಿಯಲ್ಲಿದ್ದರು. ಬೇಸಿಗೆ ರಜೆಗೆ ನಾನು ಅಲ್ಲಿಗೆ ಹೋಗಿದ್ದೆ, ಆರು ವರ್ಷವಿರಬೇಕು, ಏಳೂ ಇರಬಹುದು. ಮನೆಯ ಬೆಕ್ಕು ಬಡಕಲಾಗಿತ್ತು. ಕಾಕಾ ಗೆರೆ ಕೊರೆದ ಪುಟ್ಟ ಮುಚ್ಚಳದ ಕೆಂಪು ಬಾಟಲಿ ತೆಗೆದು ಎಮ್ಮೆಯ ಲೆಕ್ಕದಲ್ಲಿ ಕುಡಿಸಿದರು. "ಬಾಲ ಎರಡಕ್ಕೂ ಒಂದೇ ಅದ, ಡೋಸೂ ಒಂದೇ ಇರಲಿ" ಎಂದರು. ಬೆಕ್ಕು ಮರುದಿನ ಸತ್ತಿತು. ಬಾಲದ ಮಾತಿಗೆ ಪಂಕ್ತಿಯ ಜನವೆಲ್ಲ ನಗುತ್ತಿದ್ದರು. ಕಾಕಾನೂ ನಗುತ್ತಿದ್ದರು. ಆ ಮಾತು ಅವರು ಆಡಿದ್ದೋ ನಾನು ಸೇರಿಸಿದ್ದೋ, ಈಗ ಖಾತ್ರಿಯಿಲ್ಲ.

ಖಾತ್ರಿಯಿಲ್ಲದಿರುವುದು ನನ್ನ ಕಸುಬೇ ಅನ್ನಿ. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ಜೇವರ್ಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಪುರಾವೆ ಇಲ್ಲದೆ ದೇವರನ್ನೂ ನಂಬುವುದಿಲ್ಲ, ಬಸ್ಸಿನ ವೇಳೆಯನ್ನೂ ನಂಬುವುದಿಲ್ಲ. ಇತ್ತೀಚೆಗೆ ಈ ಸಂಶಯ ನನ್ನ ಮೇಲೆಯೇ ತಿರುಗಿದೆ. ಬಾಗಿಲಿಗೆ ಕೀಲಿ ಹಾಕಿದೆನೇ? ಅರ್ಧ ದಾರಿಯಿಂದ ತಿರುಗಿ ಬಂದು ನೋಡುತ್ತೇನೆ, ಹಾಕಿರುತ್ತದೆ. ಮತ್ತೆ ಅರ್ಧ ದಾರಿಗೆ ಹೋದ ಮೇಲೆ, ನೋಡಿ ಬಂದದ್ದು ಇವತ್ತೋ ನಿನ್ನೆಯೋ?

ಕಾಕಾ ನಿವೃತ್ತರಾಗಿ ಅಫಜಲಪುರದಲ್ಲಿದ್ದಾರೆ. ಕೊಲೆಯಾದ ನಲವತ್ತು ವರ್ಷಕ್ಕೆ ಒಂದು ಬೆಕ್ಕು ಸಾಕಿದ್ದಾರೆ. ಅದರ ಹೆಸರು ಬಾಯಿಸಾಹೇಬ. ಅದಕ್ಕೆ ಸಲ್ಲುವ ಮರ್ಯಾದೆ ಮನೆಯಲ್ಲಿ ಇನ್ನಾರಿಗೂ ಇಲ್ಲ.

"ಬರ್ರಿ ಬಾಯಿಸಾಹೇಬ್ರ, ಊಟ ಆರಾಕತ್ತದ" ಎಂದು ಅದಕ್ಕೆ. "ಲೇ, ಅತ್ತಾಗ ಸರಿ, ಅಕಿ ಜಾಗಾದಾಗ ಕುಂತಿ" ಎಂದು ಎಂ.ಎಸ್ಸಿ. ಮಾಡಿದ ನನಗೆ!

ಹೋದ ಚಳಿಗಾಲದಲ್ಲಿ, ನಾನು ರಜೆಗೆ ಅಲ್ಲಿಗೆ ಹೋಗಿದ್ದಾಗ, ಬಾಯಿಸಾಹೇಬರ ಬೆನ್ನಿನ ಕೂದಲು ಉದುರತೊಡಗಿತು. ಕಾಕಿ ಸಹಜವಾಗಿ, "ನನ್ನ ಶಕ್ತಿ ಗುಳಿಗಿ ಅದಾವಲ್ಲ, ಅರ್ಧ ಮುರದು ಹಾಕ್ರಿ" ಎಂದರು. ಕಾಕಾ ಹಾವು ಕಂಡವರಂತೆ ಎದ್ದು ನಿಂತರು.

"ಮನಷ್ಯಾರ ಗುಳಿಗಿ ಬೆಕ್ಕಿಗಿ ವಿಷ ಆಗ್ತದ. ಮೊದಲ ಅಕಿ ತೂಕ ನೋಡಬೇಕು, ಡಾಕ್ಟರ್ ಬಾಯಿನ್ನ ಕೇಳಬೇಕು. ನಿನ್ನ ಗುಳಿಗಿ ನೀ ನುಂಗು."

"ನಾನೂ ಬೆಕ್ಕಾಗಿ ಹುಟ್ಟಬೇಕಿತ್ತು. ಲಗ್ನ ಆದಾಗಿಂದ ನನ್ನ ತೂಕ ಒಮ್ಮಿನೂ ಕೇಳಿಲ್ಲ ನೀವು" ಎಂದರು ಕಾಕಿ.

ತೂಗಿದ್ದು ಎಲ್ಲಿ ಅಂತೀರಿ? ಕಾಳಿನ ವ್ಯಾಪಾರದ ಅಡತಿ ಅಂಗಡಿಯಲ್ಲಿ. ಬಾಯಿಸಾಹೇಬರನ್ನು ಬಟ್ಟೆಯ ಚೀಲದಲ್ಲಿ, ಮುಖ ಹೊರಗಿಟ್ಟು, ಎದೆಗವಚಿಕೊಂಡು ಹೋದರು. ದಾರಿಯಲ್ಲಿ ನಾನು ಕೈ ಚಾಚಿದರೂ ಚೀಲ ಕೊಡಲಿಲ್ಲ. ಆ ಚೀಲ ಅವರು ಯಾರ ಕೈಗೂ ಕೊಡುವುದಿಲ್ಲ.

"ಕ್ಯಾ ಲಾಯೆ ಕಾಕಾ, ತೊಗರಿಯೋ ಕಡಲಿಯೋ?" ಎಂದು ಅಂಗಡಿಯ ಚಾಚಾ ಕೇಳಿದರು.

"ಬಾಯಿಸಾಹೇಬ್ರು ಬಂದಾರ."

"ಇವತ್ತು ಆವಕ ಭಾಳ ಅದ, ದರ ಬಿದ್ದದ ನೋಡ್ರಿ."

"ದರ ಬ್ಯಾಡ, ತೂಕ ಹೇಳ್ರಿ. ಬಾರದಾನ ಕಳೀರಿ" ಎಂದರು ಕಾಕಾ. ಬಾರದಾನವೆಂದರೆ ಖಾಲಿ ಚೀಲದ ತೂಕ. ಅದನ್ನು ಕಳೆದರೆ ಬೆಕ್ಕು ಮೂರೂವರೆ ಕಿಲೋ.

ದನದ ದವಾಖಾನೆಯ ಡಾಕ್ಟರ್ ಬಾಯಿ, ಅಂದರೆ ಲೇಡಿ ಡಾಕ್ಟರು, ಬೆಕ್ಕನ್ನು ಪರೀಕ್ಷಿಸಿ, ಬೆಕ್ಕಿಗೆಂದೇ ಮಾಡಿದ ಮೀನೆಣ್ಣೆ ಬರೆದುಕೊಟ್ಟರು. ದಿನಕ್ಕೊಮ್ಮೆ ನಾಲ್ಕು ಹನಿ, ಊಟದಲ್ಲಿ ಕಲಸಿ. ಕಾಕಾ ಬಾಟಲಿಯ ಮೇಲಿನ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಅರ್ಧ ದಿನ ಓದಿದರು. ಇದರಿಂದ ಗುಣವಾಗುತ್ತದೆ ಎನ್ನಲು ಪುರಾವೆ ಏನು ಎಂದು ನಾನು ಕೇಳಿದೆ.

"ಒಂದು ತಿಂಗಳಾ ನೋಡೋಣು. ಕೂದಲಾ ಬರಲಿಲ್ಲಂದ್ರ ಮತ್ತ ಡಾಕ್ಟರ್ ಬಾಯಿನ್ನ ಕೇಳೋಣು. ಅಲ್ಲೀತನಕ ಬ್ಯಾರೆ ಏನೂ ಕೂಡಸಂಗಿಲ್ಲ. ಎರಡು ಕೂಡಿ ಸುರು ಮಾಡಿದ್ರ ಯಾವದರಿಂದ ಏನಾತು ಹ್ಯಾಂಗ ತಿಳೀತದ?"

ಇದು ನಾನು ಪ್ರಯೋಗಶಾಲೆಯಲ್ಲಿ ಪ್ರತಿ ವರ್ಷ ಹೇಳುವ ಪಾಠ. ಕೊಲೆಗಾರನ ಪಶ್ಚಾತ್ತಾಪ ಇಷ್ಟು ವೈಜ್ಞಾನಿಕವಾಗಿರುತ್ತದೆಂದು ಗೊತ್ತಿರಲಿಲ್ಲ.

ಮುಂದಿನ ವಾರ ಕಾಕಾ, ಕಾಕಿ ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಎರಡು ದಿನ ಹೊರಟರು. ರಜೆಯಲ್ಲಿದ್ದ ನನಗೆ ಬಾಯಿಸಾಹೇಬರನ್ನು ಒಪ್ಪಿಸಿದರು. ನೆನಪಿಗೆ ಒಂದು ಉಪಾಯವನ್ನೂ ಹೇಳಿದರು: ಬಾಟಲಿ ಎಡಗಡೆಯ ಗೂಡಿನಲ್ಲಿದೆ, ಹನಿ ಹಾಕಿದ ಮೇಲೆ ಬಲಗಡೆಯ ಗೂಡಿನಲ್ಲಿಡಬೇಕು.

ಮೊದಲ ದಿನ ಸರಿಹೋಯಿತು. ಎರಡನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಬಾಟಲಿ ಬಲಗಡೆ ಇದೆ. ಅದು ನಿನ್ನೆಯಿಂದ ಅಲ್ಲಿದೆಯೋ, ಇವತ್ತು ಹಾಕಿ ಇಟ್ಟೆನೋ? ಸಂಜೆ ತಿರುಗಿ ಎಡಕ್ಕೆ ತರಬೇಕೆಂದು ಕಾಕಾ ಹೇಳಿದ್ದರೇ? ಬೆಕ್ಕಿನ ಬಾಯಿ ಮೂಸಿದೆ. ಮೀನಿನ ವಾಸನೆ. ಆದರೆ ಬೆಕ್ಕಿನ ಬಾಯಿಂದ ಇನ್ನೇನು ಮಲ್ಲಿಗೆಯ ವಾಸನೆ ಬರುತ್ತದೆಯೇ? ಕೊನೆಗೆ ಅನ್ನ ಕಲಸಿ ನಾಲ್ಕು ಹನಿ ಹಾಕಿದೆ. ಅದು ತಿಂದು ಮುಗಿಸಿದ ಮೇಲೆ ಅಂಗಳದಲ್ಲಿ ಇನ್ನೊಂದು ಬಟ್ಟಲು ಕಾಣಿಸಿತು. ನೆಕ್ಕಿ ನೆಕ್ಕಿ ಹೊಳೆಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಬಾಯಿಸಾಹೇಬರು ನೊರೆನೊರೆಯಾಗಿ ವಾಂತಿ ಮಾಡಿದರು. ನಾನು ಕಾಕಾನಿಗೆ ಫೋನು ಹಚ್ಚಿದೆ.

"ಕಾಕಾ, ಎರಡು ಸರ್ತಿ ಹಾಕೀನೋ ಏನೋ. ಕಾರಿಕೊಳ್ಳಾಕತ್ತದ."

"ಎಷ್ಟು ಹಾಕಿದಿ?"

"ನಾಲ್ಕು. ಮತ್ತ ನಾಲ್ಕು. ಇರಬೌದು."

"ಅಷ್ಟೇ ಹೌದಿಲ್ಲೊ? ಅಂಜಬ್ಯಾಡ. ಆಗಿನಗತೆ ಬಾಟಲಿ ಪೂರಾ ಬಗ್ಗಸಿಲ್ಲಲ್ಲ ನೀ."

"ಆಗ ಅಂದ್ರ ಯಾವಾಗ, ಕಾಕಾ?" ಎಂದೆ.

"ಏನಿಲ್ಲ ಬಿಡು. ಬೆಕ್ಕು ತಗೊಂಡು ಡಾಕ್ಟರ್ ಬಾಯಿ ಕಡಿ ಹೋಗು. ಬಾಟಲಿ ಸಂಗಾಟ ಒಯ್ಯಿ" ಎಂದು ಫೋನಿಟ್ಟರು.

ಡಾಕ್ಟರ್ ಬಾಯಿ ಬೆಕ್ಕಿನ ಹೊಟ್ಟೆ ಒತ್ತಿ, ಬಾಟಲಿ ನೋಡಿದರು. ಭಯವಿಲ್ಲ, ನೀರಿಡಿ, ಮತ್ತೆ ವಾಂತಿಯಾದರೆ ತನ್ನಿ, ನಾಳೆ ಹನಿ ಬೇಡ ಎಂದರು. "ಹಾಕೀವೋ ಇಲ್ಲೋ ಅಂತ ಸಂಶಯ ಬಂದ್ರ ಹಾಕಬ್ಯಾಡ್ರಿ ಸರ್. ಒಂದು ದಿನ ತಪ್ಪಿದ್ರ ಏನಾಗಂಗಿಲ್ಲ, ಎರಡು ಸರ್ತಿ ಬಿದ್ರ ಕಷ್ಟ."

ಮನೆಗೆ ಬಂದು ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಹಿರೋಳ್ಳಿಯ ಆ ಕೆಂಪು ಬಾಟಲಿಗೆ ಗೆರೆ ಕೊರೆದ ಪುಟ್ಟ ಮುಚ್ಚಳ. ಮೂವತ್ತು ವರ್ಷ ನಾನೇ ನನ್ನ ಬಾಯಿಂದ ಹೇಳಿದ ಪುರಾವೆ. ಎಮ್ಮೆಯ ಔಷಧವನ್ನು ಯಾರಾದರೂ ಅಂಥ ಮುಚ್ಚಳದಲ್ಲಿ ಅಳೆಯುತ್ತಾರೆಯೇ? ಬಡಕಲಾಗಿದ್ದವನು ನಾನು. ರಜೆಗೆ ಕಳಿಸುವಾಗ ಅವ್ವ ಚೀಲದಲ್ಲಿಟ್ಟದ್ದು ಕಬ್ಬಿಣದ ಟಾನಿಕ್. ಆ ತುಕ್ಕಿನ ರುಚಿ ನಾಲಿಗೆಗೆ ಬಂದೇಬಿಟ್ಟಿತು. ನನಗೊಂದು ಮುಚ್ಚಳ, ಬೆಕ್ಕಿಗೊಂದು ಮುಚ್ಚಳ. ಆಮೇಲೆ ಬಾಟಲಿ ಪೂರಾ ಬೆಕ್ಕಿಗೇ. ಇದು ನೆನಪೋ, ಈಗ ಹೊಸದಾಗಿ ಕಟ್ಟಿದ್ದೋ? ರುಚಿಯನ್ನು ಯಾರಿಂದ ಕಟ್ಟಲು ಸಾಧ್ಯ?

ಕಾಕಾ ಆ ಸಂಜೆಯೇ ತಿರುಗಿ ಬಂದರು. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಹಿರೋಳ್ಳಿ ಬೆಕ್ಕಿಗಿ ಟಾನಿಕ್ ಹಾಕಿದ್ದು ಯಾರು, ಕಾಕಾ?"

ಅವರು ಬಾಯಿಸಾಹೇಬರ ಪಕ್ಕೆ ಸವರುತ್ತಿದ್ದರು. "ನಾನು. ನೀನೇ ಮೂವತ್ತು ವರ್ಷದಿಂದ ಹೇಳಾಕತ್ತಿಯಲ್ಲ."

ಮರುದಿನ ಬೆಕ್ಕಿನ ತೂಕ ಇಳಿದಿದೆಯೇ ನೋಡಲು ಮತ್ತೆ ಅಡತಿ ಅಂಗಡಿ. ಅಲ್ಲಿ ಇಬ್ಬರು ರೈತರು ಕುಳಿತಿದ್ದರು. ಚಾಚಾ ನನ್ನನ್ನು ಕಂಡು, "ಮಾಸ್ತರ್, ಕಾಕಾನ ಎಮ್ಮಿ ಲೆಕ್ಕದ ಕತಿ ಇವರಿಗೂ ಜರಾ ಹೇಳ್ರಿ" ಎಂದರು.

ನಾನು ಬಾಯಿ ತೆರೆದೆ. ತೂಕದ ಕಾಂಟಾದ ಮೇಲಿನ ಚೀಲದಿಂದ ಬಾಯಿಸಾಹೇಬರು ನನ್ನನ್ನೇ ನೋಡುತ್ತಿದ್ದರು.

"ಹೇಳು ಲೇ. ಬಾಲದ ಮಾತು ಬಿಡಬ್ಯಾಡ, ಅದೇ ಛಂದ ಅದ" ಎಂದರು ಕಾಕಾ, ಕಾಂಟಾದ ಕಡೆಗೇ ನೋಡುತ್ತ.

"ನೆನಪಿಲ್ಲ ಚಾಚಾ, ಪೂರಾ ಮರತೇನಿ" ಎಂದೆ.

ಕಾಕಾ ತಿರುಗಿ ನನ್ನ ಮುಖ ನೋಡಿದರು. ಬಾರದಾನ ಕಳೆಯಲು ಹೇಳುವುದನ್ನೇ ಮರೆತರು. ಚೀಲವನ್ನು ಕಾಂಟಾದಿಂದ ಇಳಿಸಿ, ಎರಡೂ ಕೈಯಿಂದ ನನ್ನ ಕೈಗೆ ಕೊಟ್ಟರು. ಬಾಯಿಸಾಹೇಬರ ಮೂತಿ ನನ್ನ ಎದೆಗೆ ತಾಗಿತು.

"ಸಾವಕಾಶ ಬರ್ರಿ" ಎಂದು ಮುಂದೆ ನಡೆದರು. ಹೇಳಿದ್ದು ಬೆಕ್ಕಿಗೋ ನನಗೋ, ಖಾತ್ರಿಯಿಲ್ಲ.